ಇನ್ನೊಬ್ಬರ ಮಕ್ಕಳಿಗೆ ಕಸುಬು

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿತು. ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಐಟಿಐ ಮುಗಿಸಿದವರಿಗೆ ಎಷ್ಟು? ಏನೂ ಇಲ್ಲ. ಅವರು ಆ ಪಟ್ಟಿಯಲ್ಲೇ ಇಲ್ಲ.

ನಾನು ಯುವನಿಧಿಯ ವಿರೋಧಿಯಲ್ಲ. ಅದನ್ನು ನಂಬಿ ಕೋಣೆ ಬಾಡಿಗೆ ಕಟ್ಟಿದ ಗೆಳೆಯರು ನನಗಿದ್ದಾರೆ. ಆದರೆ ಯಾವ ಓದಿಗೆ ಎಷ್ಟು ಬೆಲೆ ಎಂಬುದನ್ನು ಒಂದು ಸರ್ಕಾರ ಇಷ್ಟು ನಿಚ್ಚಳವಾಗಿ ಬರೆದುಕೊಟ್ಟದ್ದು ಅಪರೂಪ. ನಿರುದ್ಯೋಗಿ ಪದವೀಧರನ ಅರ್ಧದಷ್ಟು ನಿರುದ್ಯೋಗಿ ಡಿಪ್ಲೊಮಾದವನು, ನಿರುದ್ಯೋಗಿ ಫಿಟ್ಟರ್ ಸೊನ್ನೆ. ಇದು ಈ ಸರ್ಕಾರದ, ಈ ಪಕ್ಷದ ಮಾತಷ್ಟೇ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಅಪ್ರೆಂಟಿಸ್‌ಗಳಿಗೆ ನಿಗದಿ ಮಾಡಿದ ಕನಿಷ್ಠ ಭತ್ಯೆ ನೋಡಿ: ಪದವೀಧರ ಅಪ್ರೆಂಟಿಸ್‌ಗೆ 9,000, ಡಿಪ್ಲೊಮಾದವನಿಗೆ 8,000, ಐಟಿಐನವನಿಗೆ 7,000. ಎರಡು ವರ್ಷ ಮಿಷನ್ನಿನ ಮುಂದೆ ನಿಂತು ಕಲಿತು ಬಂದವನೇ ಈ ಮೂವರಲ್ಲಿ ಅಗ್ಗ. ಇನ್ನು ನಾನು: ಕನ್ನಡ ಕಥೆ ಕಾದಂಬರಿಗಳಲ್ಲಿ ದುಡಿಮೆಯ ಚಿತ್ರಣ ಎಂಬ ವಿಷಯದ ಮೇಲೆ ಸಂಶೋಧನೆ ಮಾಡುತ್ತಿರುವುದಕ್ಕೆ ನನಗೆ ಸಿಗುವ ಜೆಆರ್‌ಎಫ್ ತಿಂಗಳಿಗೆ 37,000. ದುಡಿಮೆಯ ಬಗ್ಗೆ ಬರೆಯಲು ಕೊಡುವ ದುಡ್ಡು ದುಡಿಮೆ ಕಲಿಯಲು ಕೊಡುವ ದುಡ್ಡಿನ ಐದು ಪಟ್ಟು. ಈ ಲೆಕ್ಕ ಹಾಕಿದ ರಾತ್ರಿ ನನಗೆ ಸ್ವಲ್ಪ ನಾಚಿಕೆಯಾಯಿತು. ಹಣ ವಾಪಸ್ ಕೊಡಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಬೆಲೆಪಟ್ಟಿ ಹೀಗಿರುವಾಗಲೇ ವೇದಿಕೆಗಳ ಮೇಲೆ ಇನ್ನೊಂದು ಮಾತು ಕೇಳಿಸುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಿಗೇ ಅದರ ಸುಗ್ಗಿ. ಎಲ್ಲರೂ ಡಿಗ್ರಿ ಮಾಡಬೇಕಿಲ್ಲ, ಕೌಶಲ ಕಲಿಯಿರಿ, ಕೈಕೆಲಸಕ್ಕೆ ಮರ್ಯಾದೆಯಿದೆ, ಜರ್ಮನಿ ನೋಡಿ, ಬೆಂಗಳೂರಿನ ಪ್ಲಂಬರ್ ನೋಡಿ. ಈ ಪ್ಲಂಬರ್ ಒಬ್ಬ ಪುರಾಣಪುರುಷನೇ ಆಗಿಬಿಟ್ಟಿದ್ದಾನೆ. ಅವನು ಸಾಫ್ಟ್‌ವೇರ್ ಎಂಜಿನಿಯರನಿಗಿಂತ ಹೆಚ್ಚು ಗಳಿಸುತ್ತಾನಂತೆ. ಈ ಲೆಕ್ಕ ಎಲ್ಲಿಂದ ಬಂತು? ಅಪಾರ್ಟ್‌ಮೆಂಟಿನಲ್ಲಿ ನಲ್ಲಿ ರಿಪೇರಿ ಮಾಡಿ ಹತ್ತು ನಿಮಿಷಕ್ಕೆ 500 ರೂಪಾಯಿ ತೆಗೆದುಕೊಂಡವನನ್ನು ನೋಡಿ, ಅದನ್ನು ದಿನಕ್ಕೆ ಎಂಟು, ತಿಂಗಳಿಗೆ ಮೂವತ್ತು ಎಂದು ಗುಣಿಸಿದವರಿಂದ ಬಂತು. ಗುಣಿಸುವವರು ಕಳೆಯುವುದಿಲ್ಲ. ಬೈಕಿನ ಪೆಟ್ರೋಲು, ಒಂದೂ ಫೋನ್ ಬಾರದ ದಿನಗಳು, ಸಾಮಾನು ತಂದುಕೊಟ್ಟರೂ ದುಡ್ಡು ನಾಳೆ ಎನ್ನುವ ಮನೆಗಳು, ಬೆನ್ನು ಹಿಡಿದುಕೊಂಡು ಮಲಗಿದ ವಾರ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಐವತ್ತರ ನಂತರ ಏನೆಂದು ಗೊತ್ತಿಲ್ಲ. ಆ ಸುಖ ಅಷ್ಟು ದೊಡ್ಡದಾಗಿದ್ದರೆ ಅದನ್ನು ವರ್ಣಿಸುವ ಯಾರಾದರೂ ತಮ್ಮ ಮಗನಿಗೆ ಪೈಪ್ ರೆಂಚ್ ಕೊಡಿಸಿದ್ದನ್ನು ನಾನು ನೋಡಬೇಕಿತ್ತು. ನನ್ನದೊಂದು ಸಣ್ಣ ಬೇಡಿಕೆಯಿದೆ: ಕೌಶಲದ ಮೇಲೆ ಭಾಷಣ ಮಾಡುವವರು ಮಾತು ಶುರುಮಾಡುವ ಮುನ್ನ ತಮ್ಮ ಮಕ್ಕಳ ಅಡ್ಮಿಷನ್ ರಸೀದಿ ತೋರಿಸಲಿ.

ನನಗೇಕೆ ಇಷ್ಟು ಉರಿ ಎಂದು ಕೇಳಬಹುದು. ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಬಡಿಗರ ಮನೆ. ಅಜ್ಜ ರಂಟಿ, ಕುಂಟಿ, ಕೂರಿಗೆ, ಚಕ್ಕಡಿ ಗಾಲಿ ಮಾಡುತ್ತಿದ್ದ. ಅದಕ್ಕೆ ಕೂಲಿ ಎಂಬುದಿರಲಿಲ್ಲ, ಆಯ ಇತ್ತು. ಹನ್ನೆರಡು ಆಯಗಾರರ ವ್ಯವಸ್ಥೆಯನ್ನು ನಾವು ಈಗ ಜಾನಪದದ ಪೇಪರಿನಲ್ಲಿ ಓದಿ ಪರೀಕ್ಷೆ ಬರೆಯುತ್ತೇವೆ, ಗ್ರಾಮ ಸ್ವಾವಲಂಬನೆ ಎಂದು ಹೊಗಳಿಯೂ ಬರೆಯುತ್ತೇವೆ. ಅಪ್ಪನಿಗೆ ಅದು ಗೊತ್ತಿದ್ದದ್ದು ಬೇರೆ ರೀತಿ. ವರ್ಷವಿಡೀ ರೈತ ಕರೆದಾಗೆಲ್ಲ ಅಜ್ಜ ಹೋಗಬೇಕು. ಸುಗ್ಗಿಯಲ್ಲಿ ರಾಶಿ ಆದಾಗ ಕಣದ ಅಂಚಿಗೆ ಚೀಲ ಹಿಡಿದು ನಿಲ್ಲಬೇಕು, ಕೊಟ್ಟಷ್ಟು ತರಬೇಕು. ಚೀಲ ಹಿಡಿದು ನಿಲ್ಲುವ ಕೆಲಸ ಹುಡುಗನಾಗಿದ್ದ ಅಪ್ಪನದು. ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ಕಣದ ಯಜಮಾನನ ಮರ್ಜಿ. ಅಪ್ಪ ಟಿಸಿಎಚ್ ಮಾಡಿ ಪ್ರಾಥಮಿಕ ಶಾಲೆಯ ಮಾಸ್ತರನಾದದ್ದು ಮಕ್ಕಳಿಗೆ ಕಲಿಸುವ ಹಂಬಲದಿಂದೇನಲ್ಲ, ಆ ಅಂಚಿನಿಂದ ತಪ್ಪಿಸಿಕೊಳ್ಳಲು.

ಅಜ್ಜ ತೀರಿದ ಮೇಲೆ ಬಾಚಿ, ಉಳಿ, ಕೊಡತಿ, ಕೀಸುಳಿ ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ಕಟ್ಟಿ ಅಪ್ಪ ಅಟ್ಟಕ್ಕೆ ಹಾಕಿದ. ಹತ್ತು ವರ್ಷದವನಿದ್ದಾಗ ನಾನೊಮ್ಮೆ ಕ್ರಿಕೆಟ್ ಬ್ಯಾಟು ಮಾಡಿಕೊಳ್ಳಲು ಅದರಿಂದ ಬಾಚಿ ಇಳಿಸಿದ್ದೆ. ಅಪ್ಪ ನನ್ನನ್ನು ಹೊಡೆದದ್ದು ಅದೊಂದೇ ಸಲ. ಹಾಗಂತ ಅಪ್ಪನಿಗೆ ಕಸುಬಿನ ಮೇಲೆ ತಾತ್ಸಾರವೇನೂ ಇಲ್ಲ. ಇವತ್ತಿಗೂ ಯಾರದೇ ಮನೆಗೆ ಹೋದರೆ ಬಾಗಿಲ ಚೌಕಟ್ಟಿನ ಕೂಡುವ ಜಾಗದ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಾನೆ. ಮರ ಅವನಿಗೆ ಇಷ್ಟ. ಮರದ ಜೊತೆ ಬರುವ ಚೀಲ ಬೇಡ.

ಅಂಬೇಡ್ಕರ್ 1936ರಲ್ಲೇ ಹೇಳಿದ್ದರು, ಜಾತಿ ಎನ್ನುವುದು ಕೆಲಸವನ್ನು ಹಂಚುವ ಏರ್ಪಾಡಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಎಂದು ಹಂಚಿಟ್ಟ ಏರ್ಪಾಡು ಅಂತ. ಆ ಹಂಚಿಕೆಯಿಂದ ಒಂದು ತಲೆಮಾರಿನ ಹಿಂದಷ್ಟೇ ಹೊರಗೆ ಬಂದ ಮನೆಗೆ ಬಂದು ‘ಪದವಿ ಬೇಡ, ಕಸುಬು ಕಲಿ’ ಅಂದರೆ ಅದು ಹೊಸ ದಾರಿಯ ಹಾಗೆ ಕೇಳಿಸುವುದಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗು ಅಂದ ಹಾಗೆ ಕೇಳಿಸುತ್ತದೆ.

ಇದು ಬರೀ ಅನುಮಾನ ಅನ್ನುವವರಿಗೆ ಇತಿಹಾಸ ದೂರವೇನಿಲ್ಲ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಯೋಜನೆ ತಂದರು. ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ದಿನ ಅಪ್ಪ ಅಮ್ಮನ ಕಸುಬು. ನಮ್ಮ ದಕ್ಷಿಣ ಕನ್ನಡವೂ ಆಗ ಮದ್ರಾಸ್ ರಾಜ್ಯದಲ್ಲೇ ಇತ್ತು. ಪೆರಿಯಾರ್ ಮತ್ತು ಅವರ ಜೊತೆಗಾರರು ಇದನ್ನು ‘ಕುಲಕಲ್ವಿ’, ಅಂದರೆ ಕುಲದ ಶಿಕ್ಷಣ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜ್ ಬಂದು ಯೋಜನೆ ಹಿಂತೆಗೆದುಕೊಂಡರು. ಎಪ್ಪತ್ತು ವರ್ಷದ ನಂತರ, 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಬಂತು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಹೀಗೆ 18 ಕಸುಬುಗಳು. ಉಪಕರಣಕ್ಕೆ 15,000 ರೂಪಾಯಿ, ಎರಡು ಕಂತಿನಲ್ಲಿ ಮೂರು ಲಕ್ಷದವರೆಗೆ ಕಡಿಮೆ ಬಡ್ಡಿಯ ಸಾಲ. ಈಗಾಗಲೇ ಆ ಕೆಲಸದಲ್ಲಿರುವ ಮುದುಕರಿಗೆ, ಮಧ್ಯವಯಸ್ಕರಿಗೆ ಇದರಿಂದ ಆಗುವ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕೇರಿಯಲ್ಲೇ ಬೇಕಾದವರಿದ್ದಾರೆ. ತಕರಾರು ಇರುವುದು ಅದರ ಮಾತಿನ ಬಗ್ಗೆ. ಕುಟುಂಬದಿಂದ ಬಂದ ಕಸುಬು, ಗುರು-ಶಿಷ್ಯ ಪರಂಪರೆ ಎನ್ನುತ್ತದೆ ಅದು. ಹದಿನೆಂಟು ತುಂಬಿದ ಹುಡುಗನೂ ಅರ್ಜಿ ಹಾಕಬಹುದು. ಕಾಲೇಜಿನ ಗೇಟಿನ ಮುಂದಿರುವ ವಯಸ್ಸು ಅದು. ತಮಿಳುನಾಡು 2024ರಲ್ಲಿ, ಇದು ಇರುವ ರೂಪದಲ್ಲಿ ನಮಗೆ ಬೇಡ, ಕುಟುಂಬದ ಷರತ್ತು ತೆಗೆಯಿರಿ, ವಯಸ್ಸು 35 ಮಾಡಿ ಅಂದಿತು. ಕುಲಕಲ್ವಿಯ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ವಚನಕಾರರ ನಾಡು ಎಂದು ಎದೆಯುಬ್ಬಿಸುವ ನಮ್ಮಲ್ಲಿ ಈ ಬಗ್ಗೆ ಒಂದು ಗಟ್ಟಿ ಚರ್ಚೆಯೂ ಆಗಲಿಲ್ಲ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ವಾರಾಂತ್ಯದ ಮರಗೆಲಸದ ಕಾರ್ಯಾಗಾರಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಹೋಗುವವರಿದ್ದಾರೆ. ಒಂದು ಸ್ಟೂಲ್ ಮಾಡಿಕೊಂಡು ಬಂದು ಫೋಟೊ ಹಾಕುತ್ತಾರೆ. ಅವರ ಖುಷಿ ನಿಜವಾದದ್ದೇ, ಸ್ಟೂಲೂ ಚೆನ್ನಾಗಿರುತ್ತದೆ. ಸೋಮವಾರ ಬಿಟ್ಟು ಬರಬಹುದಾದ ಬಾಚಿ ಹವ್ಯಾಸ, ಬಿಡಲಾಗದ ಬಾಚಿ ಕುಲ.

ಹಾಗಾದರೆ ಡಿಗ್ರಿ ಏನು ಕೊಟ್ಟಿದೆ, ಎಂಎ ಮಾಡಿದವರು ಏನು ಕಡಿದು ಕಟ್ಟೆ ಹಾಕಿದ್ದಾರೆ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. 2023ರ ಕೊನೆಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ವಾರಗಟ್ಟಲೆ ಧರಣಿ ಕೂತಿದ್ದರು. ಅವರಲ್ಲಿ ಪಿಎಚ್‌ಡಿ ಆದವರಿದ್ದರು, ಹದಿನೈದು ವರ್ಷ ಪಾಠ ಮಾಡಿದವರಿದ್ದರು. ನನ್ನ ನಾಳೆ ಹೇಗಿರಬಹುದು ಎಂದು ತಿಳಿಯಲು ನಾನು ದೂರ ಹೋಗಬೇಕಿಲ್ಲ. ಡಿಗ್ರಿ ಕೆಲಸ ಕೊಡುತ್ತದೆ ಎಂದು ನಾನು ವಾದಿಸುತ್ತಿಲ್ಲ. ಡಿಗ್ರಿ ಕುರ್ಚಿ ಕೊಡುತ್ತದೆ. ತಾಲ್ಲೂಕು ಕಚೇರಿಗೆ ಹೋದಾಗ ಅಜ್ಜನಿಗೆ ಯಾರೂ ಕೂಡು ಅನ್ನಲಿಲ್ಲ, ಅಪ್ಪನಿಗೆ ‘ಬರ್ರಿ ಮಾಸ್ತರ್ರ’ ಅನ್ನುತ್ತಾರೆ, ನನ್ನನ್ನು ‘ಸರ್’ ಅನ್ನುತ್ತಾರೆ. ಬ್ಯಾಂಕಿನವನು ಫಾರ್ಮು ತುಂಬಿಕೊಡುತ್ತಾನೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಮೊದಲ ಪ್ರಶ್ನೆ ಸಲೀಸಾಗಿ ಮುಗಿಯುತ್ತದೆ. ತಲೆಮಾರುಗಳಿಂದ ಕುರ್ಚಿಯಲ್ಲಿ ಕೂತವರಿಗೆ ಕುರ್ಚಿ ಏನೂ ಅಲ್ಲ ಅನ್ನಿಸುವುದು ಸಹಜ. ನಿಂತವನಿಗೆ ಅದನ್ನು ಉಪದೇಶ ಮಾಡಬಾರದು ಅಷ್ಟೇ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದ ಸುಲಭವಿತ್ತು: ಬಡಿಗರ ಮಕ್ಕಳೆಲ್ಲ ಡಿಗ್ರಿ ಮಾಡಲಿ, ಮುಗಿಯಿತು. ಆದರೆ ಈ ವರ್ಷ ನಮ್ಮ ಮನೆಯಲ್ಲೇ ಅದು ಕೆಟ್ಟಿತು.

ಅಕ್ಕನ ಮಗ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 525 ತೆಗೆದ. ತೆಗೆದು, ತಾನು ಐಟಿಐ ಸೇರುತ್ತೇನೆ, ಎಲೆಕ್ಟ್ರಿಷಿಯನ್ ಟ್ರೇಡ್ ಬೇಕು ಅಂದ. ಮನೆಯಲ್ಲಿ ಸೂತಕದ ವಾತಾವರಣ. ‘ಇಷ್ಟು ಮಾರ್ಕ್ಸ್ ಇಟ್ಟುಕೊಂಡು ಐಟಿಐಗಾ?’ ಎಂದು ಅವನ ಶಾಲೆಯ ಮೇಷ್ಟ್ರೇ ಕೇಳಿದರಂತೆ. ಐಟಿಐ ಯಾರಿಗೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ವ್ಯಾಖ್ಯೆ ಸಿಗಲಾರದು. ಅಕ್ಕ ನನಗೆ ಫೋನ್ ಮಾಡಿ, ‘ನೀ ಇಷ್ಟ ಓದೀಯಪಾ, ಅವಂಗೊಂದು ಬುದ್ಧಿಮಾತ ಹೇಳು’ ಅಂದಳು. ಹಿಂದಿನಿಂದ ಅಪ್ಪನ ದನಿ: ‘ನಾ ಬಾಚಿ ಅಟ್ಟಕ್ಕ ಹಾಕಿದ್ದು ಮೊಮ್ಮಗ ಇಕ್ಕಳ ಹಿಡೀಲಿ ಅಂತನಾ?’

ಬುದ್ಧಿ ಹೇಳಲು ಊರಿಗೆ ಹೋದೆ. ಹುಡುಗ ಬಸ್‌ಸ್ಟ್ಯಾಂಡಿನ ಹಿಂದಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿದ್ದ. ಒಂಬತ್ತನೇ ತರಗತಿಯಿಂದಲೂ ಸಂಜೆಯಾದರೆ ಅಲ್ಲೇ ಕೂರುತ್ತಾನೆ. ಎದುರಿಗೆ ಯಾರದೋ ತೋಟದ ಸುಟ್ಟ ಮೋಟಾರು ಬಿಚ್ಚಿ ಇಟ್ಟಿತ್ತು. ರೈತ ಪಕ್ಕದಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದ. ನಾನು ಪಿಯುಸಿ, ಸೈನ್ಸು, ಭವಿಷ್ಯ ಎಂದು ಶುರುಮಾಡುವಷ್ಟರಲ್ಲಿ ಹುಡುಗ, ‘ಮಾಮಾ, ಇಲ್ಲಿ ನೋಡು’ ಅಂದ. ‘ಎಲ್ಲಾ ಕಾಯಿಲೂ ಒಂದ ಸಮ ಕರ್ರಗಾಗಿದ್ರ ಲೋಡ್ ಜಾಸ್ತಿ ಆಗೇತಿ ಅಂತ ಅರ್ಥ. ಇಲ್ಲಿ ಎರಡು ಫೇಸಿನ ಕಾಯಿಲು ಸುಟ್ಟು ಒಂದು ಫೇಸಿಂದು ಹಂಗ ಉಳದೈತಿ. ಅಂದ್ರ ಲೈನಿನ್ಯಾಗ ಒಂದು ಫೇಸ್ ಹೋದ್ರೂ ಮೋಟರ್ ಓಡೇತಿ. ಇವರ ತಪ್ಪಲ್ಲ. ಆದ್ರ ಪ್ರಿವೆಂಟರ್ ಹಾಕ್ದ ಬರೀ ವೈಂಡಿಂಗ್ ಮಾಡಿಕೊಟ್ರ ಮತ್ತ ಸುಡತೈತಿ.’ ಆಮೇಲೆ ಹಳೆಯ ತಂತಿಯ ಸುತ್ತು ಎಣಿಸಿದ, ಗೇಜು ಹಿಡಿದು ದಪ್ಪ ನೋಡಿದ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆ ನೋಟ್‌ಬುಕ್ಕಿನಲ್ಲಿ ಮೋಟಾರಿನ ಕಂಪನಿ, ಹೆಚ್‌ಪಿ, ಸ್ಲಾಟು, ಸುತ್ತು, ಗೇಜು, ಯಾಕೆ ಸುಟ್ಟಿತು ಎಂಬ ಕಾಲಮ್ಮುಗಳಿದ್ದವು. ನನ್ನ ಕ್ಷೇತ್ರಕಾರ್ಯದ ಟಿಪ್ಪಣಿಗಳು ಅಷ್ಟು ಅಚ್ಚುಕಟ್ಟಾಗಿಲ್ಲ.

ಸುಟ್ಟ ಗುರುತಿನ ಆಕಾರ ನೋಡಿ, ಕಣ್ಣಮುಂದಿಲ್ಲದ ಘಟನೆಯನ್ನು ಹಿಂದಕ್ಕೆ ಓದಿ, ಯಾರ ತಪ್ಪು ಎಂದು ನಿರ್ಣಯಿಸಿ, ಮುಂದೆ ಆಗದ ಹಾಗೆ ದಾರಿ ಹೇಳುವುದು. ನಮ್ಮ ವಿಭಾಗದಲ್ಲಿ ಇದನ್ನು ಯಾರಾದರೂ ಕಾವ್ಯದ ಮೇಲೆ ಮಾಡಿದರೆ ವಿಮರ್ಶೆ ಎನ್ನುತ್ತೇವೆ. ತಾಮ್ರದ ಮೇಲೆ ಮಾಡಿದರೆ ಕೌಶಲ. ಈ ‘ಕೌಶಲ’ ಎಂಬ ಪದದ ಮೇಲೆಯೇ ನನಗೆ ಕೋಪವಿದೆ. ಡಿಗ್ರಿಯವರ ಹತ್ತಿರ ಇರುವುದು ಜ್ಞಾನ, ಕಸುಬಿನವರ ಹತ್ತಿರ ಇರುವುದು ಕೌಶಲ. ಜ್ಞಾನವಂತರು ಯೋಚಿಸುತ್ತಾರೆ, ಕುಶಲಿಗಳ ಕೈ ತಾನಾಗಿ ಆಡುತ್ತದೆ! ಹೊಗಳುವ ಪದದೊಳಗೇ ತಲೆಯನ್ನು ತೆಗೆದು ಕೈಯನ್ನಷ್ಟೇ ಉಳಿಸಿಕೊಳ್ಳುವ ಜಾಣತನ ಇದು.

ನಾವು ಸಾಹಿತ್ಯದವರು ಇದರಲ್ಲಿ ಯಾರಿಗೂ ಕಡಿಮೆಯಿಲ್ಲ. ಕನ್ನಡದ ಹನ್ನೆರಡನೇ ಶತಮಾನದಲ್ಲಿ ಕವಿಯ ಹೆಸರಿನ ಮುಂದೆ ಕಸುಬು ಇತ್ತು: ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ. ಈಗ ಅವರ ಮೇಲೆ ಪ್ರಬಂಧ ಓದುವವರ ಹೆಸರಿನ ಮುಂದೆ ‘ಡಾ.’ ಇದೆ. ಕೆಲವು ವರ್ಷದ ಹಿಂದೆ ಒಂದು ಕಾಲೇಜಿನಲ್ಲಿ ಕಾಯಕ ತತ್ವದ ಮೇಲೆ ವಿಚಾರ ಸಂಕಿರಣ. ಮೈಕಿನಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲದೆ ಮೊದಲ ಗೋಷ್ಠಿಯೇ ನಿಂತುಹೋಯಿತು. ಎಲೆಕ್ಟ್ರಿಷಿಯನ್ ಬಂದ. ನನ್ನ ವಯಸ್ಸಿನವನೇ. ಅಧ್ಯಕ್ಷರು ವೇದಿಕೆಯಿಂದಲೇ ‘ಏಯ್, ಬೇಗ ನೋಡೋ’ ಅಂದರು. ಅವನು ಕುರ್ಚಿಗಳ ಕೆಳಗೆ ತೆವಳಿಕೊಂಡು ಹೋಗಿ ಅರ್ಥಿಂಗ್ ಸರಿಮಾಡಿ ಎದ್ದು ನಿಂತ. ಅಧ್ಯಕ್ಷರು ಅದೇ ಮೈಕಿನಲ್ಲಿ ಕಾಯಕದಲ್ಲಿ ಮೇಲುಕೀಳಿಲ್ಲ ಎಂಬ ಮಾತಿನಿಂದ ಮುಂದುವರಿಸಿದರು. ವಂದನಾರ್ಪಣೆಯಲ್ಲಿ ಹನ್ನೆರಡು ಜನರ ಹೆಸರು ಬಂತು, ಕೊನೆಗೆ ‘ಮೈಕಿನವರಿಗೂ’. ನಾನು ಆ ಸಭೆಯಲ್ಲಿ ಪ್ರಬಂಧ ಓದಿದ್ದೆ. ನಾನೂ ಅವನ ಹೆಸರು ಕೇಳಲಿಲ್ಲ.

ಐಟಿಐಗಳಿಗೆ ಮಿಷನ್ನುಗಳು ಬಂದಿಲ್ಲವೆಂದಲ್ಲ. ರಾಜ್ಯದ 150 ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಪ್ರಧಾನಿಯೇ ಉದ್ಘಾಟಿಸಿದರು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಿಗ, ಕುಂಬಾರರ ಬಳಿ ಕಲಿಯಲಿ ಅನ್ನುತ್ತದೆ. ಹತ್ತು ದಿನ! ಪಿಕ್‌ನಿಕ್‌ಗಿಂತ ಸ್ವಲ್ಪ ಜಾಸ್ತಿ. 1937ರಲ್ಲಿ ವಾರ್ಧಾದಲ್ಲಿ ಗಾಂಧಿ ಮುಂದಿಟ್ಟ ನಯೀ ತಾಲೀಮ್‌ನ ಬಗ್ಗೆ ನನಗೆ ಬೇರೆ ತಕರಾರುಗಳಿವೆ. ಆದರೆ ಅದು ಕೈಕೆಲಸವನ್ನು ಎಲ್ಲ ಮಕ್ಕಳ ಪಾಠದ ನಡುಮಧ್ಯದಲ್ಲಿ ಇಟ್ಟಿತ್ತು, ಪಾಸಾಗದವರ ಪಾಲಿಗೆ ಎತ್ತಿಟ್ಟಿರಲಿಲ್ಲ.

ಮತ್ತು ಏಣಿ. ನಮ್ಮಲ್ಲಿ ಎರಡು ವರ್ಷದ ಐಟಿಐ ಮಾಡಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಅದಾದ ಮೇಲೆ ಡಿಸಿಇಟಿ ಬರೆದು ಬಿಇಯ ಎರಡನೇ ವರ್ಷಕ್ಕೆ. ಒಳ್ಳೆಯದೇ, ಇದು ಗೊತ್ತಿಲ್ಲದೆ ಕೂತ ಹುಡುಗರು ಎಷ್ಟೋ. ಆದರೆ ಆ ಏಣಿಯ ಪ್ರತಿ ಮೆಟ್ಟಿಲೂ ಕಸುಬಿನಿಂದ ಹೊರಕ್ಕೆ ಹೋಗುತ್ತದೆ. ಕಸುಬಿನ ಒಳಗೇ ಮೇಲೆ ಹತ್ತಲು ಏನಿದೆ? ಇಪ್ಪತ್ತು ವರ್ಷ ವೈಂಡಿಂಗ್ ಮಾಡಿದವನ ಹತ್ತಿರವೂ ಅದೇ ಒಂದು ಸರ್ಟಿಫಿಕೇಟು, ಎಷ್ಟೋ ಸಲ ಅದೂ ಇಲ್ಲ. ಭಾಷಣಕಾರರ ಪ್ರೀತಿಯ ಜರ್ಮನಿಯಲ್ಲಿ ‘ಮೈಸ್ಟರ್’ ಆದವನನ್ನು ಅಲ್ಲಿನ ಅರ್ಹತಾ ಚೌಕಟ್ಟು ಪದವೀಧರನ ಮಟ್ಟದಲ್ಲೇ ಇಟ್ಟಿದೆ, ಹಲವು ಕಸುಬುಗಳಲ್ಲಿ ಅಂಗಡಿ ತೆರೆದು ಶಿಷ್ಯರನ್ನು ತಯಾರು ಮಾಡುವ ಹಕ್ಕು ಅವನದೇ. ಜರ್ಮನಿಯೂ ಸ್ವರ್ಗವಲ್ಲ. ಅದರ ಬಹುಪಾಲು ರಾಜ್ಯಗಳಲ್ಲಿ ಹತ್ತು ವರ್ಷಕ್ಕೇ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುತ್ತಾರೆ, ವಲಸೆ ಬಂದವರ ಮಕ್ಕಳು ಹೆಚ್ಚಾಗಿ ಎತ್ತ ಹೋಗುತ್ತಾರೆ ಎಂಬುದು ಅಲ್ಲೂ ಹಳೆಯ ಜಗಳ. ನಮ್ಮವರು ಮೈಸ್ಟರನ ಸರ್ಟಿಫಿಕೇಟನ್ನು ಬಿಟ್ಟು ವಿಂಗಡಣೆಯನ್ನಷ್ಟೇ ಆಮದು ಮಾಡಿಕೊಳ್ಳಲು ಹೊರಟಿದ್ದಾರೆ. ವಿಂಗಡಣೆ ಹೇಗೂ ನಮ್ಮಲ್ಲಿ ಮೊದಲಿನಿಂದ ಇದೆ.

ಹಾಗಾಗಿ ಕಸುಬನ್ನು ಪದವಿಗೆ ‘ಪರ್ಯಾಯ’ ಎನ್ನುವುದು ಇವತ್ತಿನ ಮಟ್ಟಿಗೆ ಸುಳ್ಳು. ಎರಡು ವಸ್ತು ಪರ್ಯಾಯವಾಗಬೇಕಾದರೆ ಅವನ್ನು ಅದಲು ಬದಲು ಮಾಡಿದರೂ ತಕ್ಕಡಿ ಅಲುಗಬಾರದು. ಇಲ್ಲಿ ಒಂದು ತಟ್ಟೆಯಲ್ಲಿ 3,000, ಇನ್ನೊಂದರಲ್ಲಿ ಸೊನ್ನೆ. ಐಟಿಐ ಮುಗಿಸಿದವರನ್ನು ಯುವನಿಧಿಗೆ ಸೇರಿಸಲು, ಅದೂ ಅರ್ಧಕ್ಕಲ್ಲ ಪೂರ್ತಿಗೆ, ಸರ್ಕಾರಕ್ಕೆ ಬೇಕಾದದ್ದು ಒಂದು ಆದೇಶ. ಅದಕ್ಕಾಗಿ ಒಂದು ಮನವಿ ಬರೆದು ಸಹಿ ಮಾಡಿ ಎಂದು ನಮ್ಮ ಸಂಶೋಧಕರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಮೂರು ಹೆಬ್ಬೆರಳು ಬಂದವು. ಒಬ್ಬರು, ಇದು ನಮ್ಮ ವಿಷಯವಾ ಎಂದು ಕೇಳಿದರು.

ಇನ್ನು ಹುಡುಗನದು. ಅಂಗಡಿಯಿಂದ ಮನೆಗೆ ನಡೆಯುವಾಗ ಅವನೇ ಕೇಳಿದ, ‘ಮಾಮಾ, ಐಟಿಐ ಆದಮ್ಯಾಲೆ ಡಿಪ್ಲೊಮಾ ಸೇರಬಹುದು ಹೌದಲ್ಲ?’ ಹೌದು ಅಂದೆ. ‘ಆಮ್ಯಾಲೆ ಇಂಜಿನಿಯರಿಂಗೂ?’ ಹೌದು. ‘ಹಂಗಾದ್ರ ಅಜ್ಜಗ ಅಷ್ಟ ಹೇಳು.’

ನಾನು ಅಪ್ಪನ ಮುಂದೆ ಕೂತು ಅಷ್ಟನ್ನೇ ಹೇಳಿದೆ. ಐಟಿಐ ಒಂದು ಮೆಟ್ಟಿಲು, ಏಳು ವರ್ಷದಲ್ಲಿ ಮೊಮ್ಮಗ ಎಂಜಿನಿಯರ್, ಪಿಯುಸಿಯ ಟ್ಯೂಷನ್ ಖರ್ಚೂ ಉಳಿಯುತ್ತದೆ. ಡಿಸಿಇಟಿಯ ಹೆಸರು ಎರಡು ಸಲ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಹಂಗಿದ್ರ ಆಗಲಿ’ ಅಂದ. ಅಕ್ಕ ಕಣ್ಣೊರೆಸಿಕೊಂಡು ಚಹಾಕ್ಕಿಟ್ಟಳು. ಮರುದಿನ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿದೆವು. ಎಲೆಕ್ಟ್ರಿಷಿಯನ್, ಎರಡು ವರ್ಷ.

ಬಸ್ಸು ಹತ್ತಿಸಲು ಬಂದ ಹುಡುಗನನ್ನು, ಡಿಪ್ಲೊಮಾ ಯಾವ ಊರಲ್ಲಿ ಮಾಡ್ತೀ ಎಂದು ಕೇಳಿದೆ. ಅವನು ನಕ್ಕ. ‘ಡಿಪ್ಲೊಮಾ ಮಾತು ನೀ ಹೇಳಿದ್ದು ಮಾಮಾ,’ ಅಂದ, ‘ನಾ ಎಲ್ಲೆ ಹೇಳೀನಿ?’